ಬೋ ಸಿಲುಮೆಸಿ ಅವರ ನೀರು

ಮೇ ೬

ಸ್ವಸ್ತಿ! ಗೆರೆ ಎಳೆದ ಹಾಳೆಗಳ ಸಾಮ್ರಾಜ್ಯಾಧೀಶ್ವರ, ತುಕ್ಕು ಹಿಡಿದ ಎರಡು ಪಿನ್ನುಗಳ ಸಿಂಹಾಸನಾರೂಢ, ಹೊದಿಕೆಯ ಮೇಲಿನ ಫುಟ್‌ಬಾಲ್ ಚಿತ್ರವನ್ನೇ ಬಿರುದಾಗಿ ಧರಿಸಿದ, ಸಮಸ್ತ ಗೆದ್ದಲುಗಳ ಕಣ್ಮಣಿ, ಶ್ರೀಮನ್ಮಹಾ ದಿನಚರಿ ಪ್ರಭುಗಳ ದಿವ್ಯ ಸನ್ನಿಧಾನಕ್ಕೆ, ರಾಜಧಾನಿ ಲುಸಾಕಾ ಪಟ್ಟಣದಿಂದ ಗಡೀಪಾರಾಗಿ ಬಂದ ಪಾದಸೇವಕ ಮುಂಡಿಯಾ, ಹಿರಿಯರಿಗೆ ನಮಸ್ಕರಿಸುವ ಇಲ್ಲಿನ ರಿವಾಜಿನಂತೆ ಮಂಡಿಯೂರಿ, ಚಪ್ಪಾಳೆ ತಟ್ಟಿ ಮಾಡಿಕೊಳ್ಳುವ ಬಿನ್ನಹವೇನೆಂದರೆ: ಇಲ್ಲಿ ಸೊಳ್ಳೆ ಜಾಸ್ತಿ.

ಉಳಿದ ಬಿನ್ನಹಗಳು ಹೀಗಿವೆ. ಕಾಲೇಜಿನ ಗೆಳೆಯರೆಲ್ಲ ತರಬೇತಿಗೆಂದು ಲುಸಾಕಾದ ಬ್ಯಾಂಕುಗಳ ತಣ್ಣನೆಯ ಕೋಣೆಗಳಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾರೆ. ನನ್ನನ್ನು ಮಾತ್ರ ಅಪ್ಪ, "ನಮ್ಮ ಲೋಜಿ ಜನರ ನೆಲಾನೂ ಒಂದ್ಸಲ ನೋಡು, ಆಮೇಲೆ ದೊಡ್ಡ ಮನುಷ್ಯ ಆಗು" ಎಂದು ಜಾಂಬೇಜಿ ಬಯಲಿನ ಆಚೆ ದಡಕ್ಕೆ, ಈ ನಲುಶ್ವಾ ಊರಿಗೆ ತಳ್ಳಿದರು. ದೋಣಿಯಲ್ಲಿ ಬಂದೆ. ದೋಣಿಯ ತುಂಬ ಕೋಳಿಗಳಿದ್ದವು. ನನಗಿಂತ ಅವುಗಳಿಗೆ ಒಳ್ಳೆಯ ಜಾಗ ಸಿಕ್ಕಿತ್ತು.

ಕಚೇರಿ ಎಂದರೆ ತಗಡಿನ ಮಾಡು, ಒಂದು ಕಂಪ್ಯೂಟರು, ಒಬ್ಬರು ಬೋ ನಸಿಲೆಲೆ. ಇಲ್ಲಿ ಯಾರ ಹೆಸರಿಗೇ ಆಗಲಿ ಮುಂದೆ 'ಬೋ' ಎಂಬ ಗೌರವ ಹಚ್ಚದೆ ಕರೆದರೆ ಬಟ್ಟೆ ಇಲ್ಲದೆ ಸಂತೆಗೆ ಹೋದ ಹಾಗೆ. ಮೊದಲ ದಿನವೇ ನಾನು ಬಾಯಿ ತಪ್ಪಿ "ನಸಿಲೆಲೆ ಮೇಡಂ" ಅಂದೆ. ಅವರು ಕನ್ನಡಕ ಕೆಳಗಿಳಿಸಿ ಮೃದುವಾಗಿ ಕೇಳಿದರು: "ಮಗಾ, ನಿಮ್ಮನೇಲಿ ಹಿರಿಯರು ಯಾರೂ ಉಳಿದಿಲ್ವಾ?"

ಕೆಲಸ ಇಷ್ಟು. ಬಯಲೆಲ್ಲ ಈಗ ನೀರಿನಡಿ ಇದೆ. ಜನ, ದನ ಎಲ್ಲ ಮರಳು ದಿಬ್ಬಗಳ ಮೇಲಿದ್ದಾರೆ. ನದಿಯುದ್ದಕ್ಕೂ ಅಲ್ಲಲ್ಲಿ ಗೆರೆ ಬರೆದ ಹಲಗೆಗಳನ್ನು ನೆಟ್ಟಿದ್ದಾರೆ. ಹಲಗೆಗೊಬ್ಬ ಹಿರಿಯರು ಬೆಳಿಗ್ಗೆ ನೀರಿನ ಮಟ್ಟ ನೋಡಿ ಫೋನಿನಲ್ಲಿ ಒಂದು ಸಂಖ್ಯೆ ಕಳಿಸುತ್ತಾರೆ. ಅದು ನಮ್ಮ ಕಂಪ್ಯೂಟರಿನಲ್ಲಿ ಆ ಹಿರಿಯರ ಹೆಸರಿನ ಫೈಲಿನ ಕೊನೆಗೆ ಬಂದು ಕೂರುತ್ತದೆ. ಸಂಜೆ ಬೋ ನಸಿಲೆಲೆ ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಟೈಪಿಸಿದರೆ, ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಮು ಫೋಲ್ಡರಿನಲ್ಲಿರುವ ಫೈಲುಗಳನ್ನೆಲ್ಲ ತೆರೆದು, ಒಂದೊಂದರ ಕೊನೆಯ ಸಂಖ್ಯೆ ಹೆಕ್ಕಿ, ಯಾರ ನೀರು ಎಷ್ಟು ಎಂದು ಸಾಲಾಗಿ ತೋರಿಸುತ್ತದೆ. ಕಟ್ಟಕಡೆಯ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ ನೀರು ಎಷ್ಟು ಎಂದಿರುತ್ತದೆ. ಆ ಪಟ್ಟಿಯನ್ನೆಲ್ಲ ಅವರು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದುಕೊಂಡು ಪಕ್ಕದ ರೇಡಿಯೊ ಕೇಂದ್ರಕ್ಕೆ ಒಯ್ಯುತ್ತಾರೆ. ಎಲ್ಲರ ನೀರೂ ಹಲಗೆಯ ಅಪಾಯದ ಗೆರೆಗಿಂತ ಕೆಳಗಿಳಿದ ಮೇಲೆಯೇ ದನಗಳನ್ನು ದಿಬ್ಬದಿಂದ ಇಳಿಸುವುದು. ಬಯಲಿನ ದನಕರುಗಳ ಹಣೆಬರಹ ಆ ಕ್ಯಾಲೆಂಡರಿನ ಬೆನ್ನ ಮೇಲಿದೆ.

ಇದಕ್ಕೆಲ್ಲ ನಾನು ಯಾಕೆ ಬೇಕು ಎಂಬುದು ಇನ್ನೂ ತಿಳಿದಿಲ್ಲ, ಪ್ರಭುಗಳೇ.

ಮೇ ೯

ಇಂದು ತಿಳಿಯಿತು.

ಬೋ ನಸಿಲೆಲೆ ಅರ್ಧ ಪಟ್ಟಿ ಬರೆದುಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಮೊದಲೂ ಕಪ್ಪೇ ಇತ್ತು, ಈಗ ಅಕ್ಷರವೂ ಇಲ್ಲ. ಅವರು ಪೆನ್ನು ಹಿಡಿದು ಕೊಕ್ಕರೆಯ ಹಾಗೆ ಅಲ್ಲಾಡದೆ ಕುಳಿತರು. ಕರೆಂಟು ಬಂತು, ಮತ್ತೆ ಮೊದಲಿನಿಂದ ಓಡಿಸಿದರು. ಮತ್ತೆ ಹೋಯಿತು. ಅತ್ತ ರೇಡಿಯೊದ ಬೋ ಲುತಂಗು ಕಿಟಕಿಯಲ್ಲಿ ತಲೆ ತೂರಿಸಿ, "ಅಕ್ಕಾ, ಇವತ್ತು ನೀರು ಇದೆಯೋ, ಇಲ್ಲ ನಾನೇ ಏನಾದ್ರೂ ಹಾಡಲೋ?" ಎಂದರು.

ಆಗ ಈ ಪಾದಸೇವಕನು ಎದ್ದು ನಿಂತು, "ಅಮ್ಮಾ, ಪರದೆ ಮೇಲೆ ಬರೋದನ್ನ ಕೈಯಲ್ಲಿ ಯಾಕೆ ಬರೀತೀರಿ? ನೇರ ಫೈಲಿಗೆ ಬೀಳೋ ಹಾಗೆ ಮಾಡಬಹುದಲ್ಲ" ಎಂದನು.

"ಬೀಳೋದಾ? ಎಲ್ಲಿಂದ?"

ಕಮಾಂಡಿನ ಕೊನೆಗೆ ಹಕ್ಕಿಯ ಕೊಕ್ಕಿನಂಥ > ಗುರುತು ಹಾಕಿ, ಅದರ ಮುಂದೆ ಫೈಲಿನ ಹೆಸರು ಬರೆದರೆ ಆಯಿತು ಎಂದು ತೋರಿಸಿದೆ. ಒಂದು ಕೊಕ್ಕು ಹಾಕಿದರೆ ಫೈಲಿನಲ್ಲಿದ್ದ ಹಳೆಯದನ್ನೆಲ್ಲ ನುಂಗಿ ಹೊಸದನ್ನು ಬರೆಯುತ್ತದೆ. ಎರಡು ಕೊಕ್ಕು ಹಾಕಿದರೆ ಹಳೆಯದರ ಕೆಳಗೆ ಹೊಸದನ್ನು ಇಡುತ್ತದೆ. ಅವರು ತುಂಬ ಹೊತ್ತು ಯೋಚಿಸಿ, "ಎರಡು ಹಾಕು. ಹಳೇದನ್ನ ನುಂಗೋದು ಒಳ್ಳೇ ಬುದ್ಧಿ ಅಲ್ಲ" ಎಂದರು.

ಇನ್ನು ಹೆಸರು. ಫೋಲ್ಡರಿನ ತುಂಬ ಬೋ ಇಂಥವರು, ಬೋ ಅಂಥವರು ಎಂದು ಗಂಭೀರವಾಗಿ ಕುಳಿತಿದ್ದಾರೆ. ಅಂಥ ಸಭೆಯೊಳಕ್ಕೆ 'ಪಟ್ಟಿ' ಎಂಬ ಅನಾಥ ಹೆಸರಿನ ಫೈಲನ್ನು ಹೇಗೆ ನುಗ್ಗಿಸಲಿ? ಮರ್ಯಾದೆ ಬೇಡವೇ? ಸಕಲ ಗೌರವಗಳೊಂದಿಗೆ ಅದಕ್ಕೆ ನಾಮಕರಣ ಮಾಡಿದೆ: ಬೋ ಸಿಲುಮೆಸಿ. ಮಂಡಿಯೂರಿ ಚಪ್ಪಾಳೆಯನ್ನೂ ತಟ್ಟಿದೆ. ಬೋ ನಸಿಲೆಲೆ ಆಗ ಚಹಾ ಕಾಸುತ್ತಿದ್ದರು, ನೋಡಲಿಲ್ಲ.

ಕಮಾಂಡ್ ಓಡಿತು. ಪರದೆಯಲ್ಲಿ ಏನೂ ಕಾಣಲಿಲ್ಲ. ಬೋ ನಸಿಲೆಲೆ ಅವರ ಮುಖ ಸಣ್ಣಗಾಯಿತು. ಫೈಲು ತೆರೆದು ತೋರಿಸಿದೆ: ಒಳಗೆ ಹೆಸರು, ನೀರು, ಕೊನೆಗೆ ಎಲ್ಲಕ್ಕಿಂತ ಎತ್ತರ ನಾಲ್ಕು ಮೀಟರ್ ಎಪ್ಪತ್ತು, ಎಲ್ಲ ತಣ್ಣಗೆ ಮಲಗಿದ್ದವು. ಅಷ್ಟರಲ್ಲಿ ಕರೆಂಟು ಹೋಯಿತು, ಬಂತು. ಫೈಲು ಇದ್ದಲ್ಲೇ ಇತ್ತು. ಬೋ ನಸಿಲೆಲೆ ಪರದೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ನನಗೆ ಒಂದು ಮೀನು ಹೆಚ್ಚು ಬಡಿಸಿದರು.

ಮೇ ೧೦

ಪ್ರಭುಗಳೇ, ಹೊಟ್ಟೆ ಹಿಡಿದುಕೊಂಡು ಕೇಳಿ.

ಸಂಜೆ ಆರಕ್ಕೆ ರೇಡಿಯೊದಲ್ಲಿ ಬೋ ಲುತಂಗು ಎಂದಿನಂತೆ ಒಬ್ಬೊಬ್ಬ ಹಿರಿಯರಿಗೂ ನಮಸ್ಕಾರ ಹೇಳಿ ಅವರವರ ನೀರು ಓದುತ್ತಿದ್ದರು. ನಡುವೆ: "ಬೋ ಸಿಲುಮೆಸಿ ಅವರಿಗೂ ನಮ್ಮ ನಮಸ್ಕಾರ. ನಿಮ್ಮ ಮೈ ಹೇಗಿದೆ, ಮನೆಯವರು ಹೇಗಿದ್ದಾರೆ? ಅವರ ನೀರು ನಾಲ್ಕು ಮೀಟರ್ ಎಪ್ಪತ್ತು."

ಫೈಲು! ಸ್ಕ್ರಿಪ್ಟು ಫೋಲ್ಡರಿನಲ್ಲಿ ಇರುವವರನ್ನೆಲ್ಲ ಹಿರಿಯರೆಂದೇ ತಿಳಿಯುತ್ತದೆ, ಪಾಪ. ನಿನ್ನೆ ನಾನು ಹುಟ್ಟಿಸಿದ ಫೈಲನ್ನೂ ತೆರೆದು ಕೊನೆಯ ಸಂಖ್ಯೆ ಹೆಕ್ಕಿಕೊಂಡಿದೆ. ನಿನ್ನೆ ಹುಟ್ಟಿದ ಮಗುವಿಗೆ ಇಂದು ರೇಡಿಯೊದಲ್ಲಿ ಮನೆಯವರ ಕ್ಷೇಮ ವಿಚಾರಣೆ!

ಬೋ ನಸಿಲೆಲೆ ಏನೂ ಕೇಳಲಿಲ್ಲ. "ಹೊಸಬರು ಯಾರೋ ಸೇರ್ಕೊಂಡಿದ್ದಾರೆ. ಮೇಲಿನ ಕಚೇರಿಯೋರು ಸೇರಿಸಿರ್ತಾರೆ" ಅಂದರು.

"ಯಾರು, ಎಲ್ಲಿಯವರು ಅಂತ ಕೇಳೋಣ್ವಾ ಅಮ್ಮಾ?" ಎಂದೆ, ಮುಖ ಗಟ್ಟಿ ಮಾಡಿಕೊಂಡು.

"ಹಿರಿಯರನ್ನ 'ನೀನ್ಯಾರು' ಅಂತ ಕೇಳೋದಾ? ಅವರಾಗಿ ಹೇಳಿದಾಗ ಕೇಳಿಸ್ಕೋಬೇಕು."

ನಾನು ಹೊರಗೆ ಹೋಗಿ ಮಾವಿನ ಮರ ತಬ್ಬಿಕೊಂಡು ನಕ್ಕೆ.

ಮೇ ೧೫

ಬೋ ಸಿಲುಮೆಸಿ ಅವರ ಕೀರ್ತಿ ದಿನೇದಿನೇ ಹಬ್ಬುತ್ತಿದೆ. ಸಂತೆಯಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು: ಅವರು ತುಂಬ ಮಿತಭಾಷಿಯಂತೆ. ದಿನಾ ಅದೇ ಸಂಖ್ಯೆ ಕಳಿಸುತ್ತಾರಂತೆ, ಒಂದು ಬೆರಳು ಹೆಚ್ಚಿಲ್ಲ, ಕಡಿಮೆ ಇಲ್ಲ. "ಎಂಥ ಸ್ಥಿರ ಮನುಷ್ಯ!" ಎಂದಳು ಒಬ್ಬಳು. ಇನ್ನೊಬ್ಬಳು, "ನಮ್ಮ ಯಜಮಾನರಿಗೆ ಸ್ವಲ್ಪ ಕಲಿಸಿದ್ರೆ ಆಗ್ತಿತ್ತು" ಎಂದಳು. ಯಾರೋ ಮುದುಕರು ಅವರಿಗೆಂದು ರೇಡಿಯೊ ಕೇಂದ್ರಕ್ಕೆ ಒಣಮೀನು ಕಳಿಸಿದ್ದಾರೆ. ಬೋ ಲುತಂಗು ಅದನ್ನು ಭದ್ರವಾಗಿ ಕಾಪಾಡುತ್ತಿದ್ದಾರೆ. ಎಲ್ಲಿ ಎಂದು ಕೇಳಬಾರದು.

ಲುಸಾಕಾದಲ್ಲಿ ಇಂಥ ಕೆಲಸ ಸಿಗುವುದೇ?

ಮೇ ೧೬

ಒಣಮೀನಿನಲ್ಲಿ ನನಗೂ ಪಾಲು ಸಿಕ್ಕಿತು. ಚೆನ್ನಾಗಿತ್ತು.

ಮೇ ೨೩

ಇಂದಿನದು ಅಷ್ಟು ಚೆನ್ನಾಗಿಲ್ಲ.

ಮಧ್ಯಾಹ್ನ ಬೋ ನಸಿಲೆಲೆ ಇಲ್ಲದಾಗ ದಿಬ್ಬದ ಕಡೆಯಿಂದ ಒಬ್ಬ ಹೆಂಗಸು ಬಂದರು. ಹೆಸರು ಬೋ ನಮಾಕಾವು. ನನ್ನ ತಾಯಿಯಷ್ಟು ವಯಸ್ಸು. ತಲೆಯ ಮೇಲೆ ಸೋರೆಬುರುಡೆ. ಅದರಲ್ಲಿ ಮಬಿಸಿ, ನಮ್ಮ ಗಟ್ಟಿ ಹುಳಿಹಾಲು. ಅದನ್ನಿಳಿಸಿ, ಮೊನ್ನೆ ಮೊನ್ನೆ ಮೀಸೆ ಬಂದ ನನ್ನೆದುರು ಮಂಡಿಯೂರಿ ಕುಳಿತು ಚಪ್ಪಾಳೆ ತಟ್ಟಿದರು.

"ಅಯ್ಯೋ ಏಳೀಮ್ಮಾ!"

"ನಿನಗಲ್ಲ ಮಗಾ. ಇದನ್ನ ಬೋ ಸಿಲುಮೆಸಿ ಅವರಿಗೆ ತಲುಪಿಸ್ತೀಯಾ? ಒಂದು ಮಾತು ಕೇಳ್ಕೊಂಡು ಬರ್ತೀಯಾ?"

"ಏನು ಮಾತು?"

"ಎಲ್ಲರ ನೀರೂ ಇಳೀತಾ ಇದೆ. ನಮ್ಮ ಊರ ಹಲಗೇದೂ ಗೆರೆಗಿಂತ ಕೆಳಗೆ ಹೋಯ್ತು. ಅವರ ನೀರೊಂದು ಅಲ್ಲೇ ನಿಂತಿದೆ. ಎಲ್ಲೋ ನದಿ ಮೇಲುಗಡೆ ಇರೋರು ಅವರು, ಆ ನೀರು ಒಂದಿನ ನಮ್ಮ ಮೇಲೆ ಬಂದೇ ಬರುತ್ತೆ ಅಂತಾರೆ ದಿಬ್ಬದ ಹಿರಿಯರು. ಅದಕ್ಕೇ ಯಾರ ದನಾನೂ ಕೆಳಗಿಳಿಸೋಕೆ ಬಿಡ್ತಾ ಇಲ್ಲ. ಇಲ್ಲಿ ಮರಳಲ್ಲಿ ಹುಲ್ಲು ಮುಗೀತು ಮಗಾ. ಕೆಳಗೆ ನೋಡಿದ್ರೆ ಹಸಿರು ಚಿಗುರ್ತಾ ಇದೆ. ಅವರ ನೀರು ಯಾವಾಗ ಇಳಿಯುತ್ತೆ, ಅಷ್ಟು ಕೇಳು."

ನಾನು ಏನು ಹೇಳಿದೆ? "ಕೇಳ್ತೀನಮ್ಮಾ" ಎಂದೆ. ಬುರುಡೆ ಇಟ್ಟುಕೊಂಡೆ.

ಆಮೇಲೆ, ಕೆಟ್ಟುಹೋಗಬಾರದೆಂದು, ಕುಡಿದೆ.

ಮೇ ೨೪

ಬುರುಡೆ ಹಿಂದಿರುಗಿಸುವ ನೆಪದಲ್ಲಿ ದಿಬ್ಬ ಹತ್ತಿದೆ. ಬೋ ನಮಾಕಾವು ಮನೆಯಲ್ಲಿರಲಿಲ್ಲ. ಎಲ್ಲೋ ಎಲೆ ಕಡಿಯಲು ಹೋಗಿದ್ದರು. ದನಗಳಿಗೆ ಮರದ ಎಲೆ ಹಾಕುತ್ತಿದ್ದಾರೆ. ದನಗಳ ಪಕ್ಕೆಲುಬು ದೂರದಿಂದಲೇ ಎಣಿಸಬಹುದಿತ್ತು, ನಾನು ಎಣಿಸಲಿಲ್ಲ. ಬೇಲಿಯ ನೆರಳಿನಲ್ಲಿ ಒಂದು ಕರು ಮಲಗಿತ್ತು. ಹತ್ತಿರ ಹೋದರೆ ಏಳಲು ನೋಡಿತು, ಮುಂಗಾಲು ಮಡಚಿಕೊಂಡು ಮತ್ತೆ ಕೂತಿತು. ನನ್ನ ಬೆರಳು ಚೀಪಿತು. ಅದರ ತಾಯಿಯ ಕೆಚ್ಚಲಲ್ಲಿ ಉಳಿದಿದ್ದನ್ನೇ ಆ ಸೋರೆಬುರುಡೆಗೆ ಹಾಕಿ ತಂದಿದ್ದರು.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮೊದಲ ದಿನ ಎಲ್ಲಕ್ಕಿಂತ ಎತ್ತರದ ನೀರು ನಾಲ್ಕು ಎಪ್ಪತ್ತು ಎಂದು ಫೈಲಿನ ಕೊನೆಗೆ ಬಿತ್ತು. ಮಾರನೆಯ ದಿನ ಸ್ಕ್ರಿಪ್ಟು ಅದನ್ನೇ ಬೋ ಸಿಲುಮೆಸಿ ಅವರ ನೀರು ಎಂದು ಓದಿತು. ಉಳಿದವರದ್ದು ಇಳಿದಿತ್ತು; ಆದ್ದರಿಂದ ಎಲ್ಲಕ್ಕಿಂತ ಎತ್ತರದ್ದು ಮತ್ತೆ ಅದೇ ನಾಲ್ಕು ಎಪ್ಪತ್ತು; ಅದು ಮತ್ತೆ ಫೈಲಿನ ಕೊನೆಗೆ. ಹೀಗೆ ತನ್ನ ಬಾಲ ತಾನೇ ಕಚ್ಚಿಕೊಂಡು ಕೂತಿದೆ. ನದಿ ಪೂರ್ತಿ ಬತ್ತಿದರೂ ಬೋ ಸಿಲುಮೆಸಿ ಅವರ ನೀರು ಇಳಿಯುವುದಿಲ್ಲ.

ಹೆಸರು ಮಾತ್ರ ನುಸುಳಿದೆ, ಏನಾಯಿತು ಎಂದುಕೊಂಡಿದ್ದೆ. ಹೆಸರಿನ ಪಕ್ಕದಲ್ಲಿದ್ದ ಸಂಖ್ಯೆ ಕೇಳಿ ನಕ್ಕಿದ್ದೆನೇ ಹೊರತು ಅದನ್ನು ಒಂದು ದಿನವೂ ಗಮನವಿಟ್ಟು ನೋಡಿರಲಿಲ್ಲ. ದಿಬ್ಬದವರು ನೋಡುತ್ತಿದ್ದರು.

ಮೇ ೨೫

ಹೇಳಿದೆ.

ಮೊದಲು ಹೇಳದೇ ಸರಿಮಾಡುವ ಉಪಾಯವನ್ನೇ ಮುಂದಿಟ್ಟೆ. "ಅಮ್ಮಾ, ಬೋ ಸಿಲುಮೆಸಿ ಅವರ ನೀರನ್ನ ದಿನಾ ಸ್ವಲ್ಪ ಸ್ವಲ್ಪ ಇಳಿಸಬಹುದು. ಆ ಫೈಲಲ್ಲಿ ನಾನೇ ಸಂಖ್ಯೆ ತಿದ್ದುತೀನಿ. ವಾರ ಹತ್ತು ದಿನದಲ್ಲಿ ಗೆರೆ ಕೆಳಗೆ ಹೋಗುತ್ತೆ. ಆಮೇಲೆ ಅವರು ಮಗಳ ಮನೆಗೆ ಹೋದರು ಅಂತ..."

ಬೋ ನಸಿಲೆಲೆ ಚಹಾ ಲೋಟ ಕೆಳಗಿಟ್ಟರು. "ಹಿರಿಯರ ನೀರನ್ನ ನೀನು ಹೇಗೆ ತಿದ್ದುತೀಯ?"

ಆಗ ಎಲ್ಲ ಹೇಳಿದೆ. ಕೊಕ್ಕು, ಫೈಲು, ನಾಮಕರಣ. ಮಬಿಸಿಯನ್ನೂ ಹೇಳಿದೆ.

ಅವರು ಆ ಫೈಲು ತೆರೆದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರೆ ನಾವು ಬರೆದಿಟ್ಟಿದ್ದನ್ನ ನಾವೇ ಮತ್ತೆ ಓದ್ಕೊಂಡು, ಅದು ನದಿ ಹೇಳ್ತು ಅಂದ್ಕೊಂಡ್ವಾ?"

"ಹೌದಮ್ಮಾ."

"ನಾನೂ ಕೇಳಲಿಲ್ಲ. ಯಾರು ಅಂತ ಒಂದು ಮಾತು ಕೇಳಲಿಲ್ಲ." ಕನ್ನಡಕ ತೆಗೆದು ಸೆರಗಿನಂಥ ತಮ್ಮ ಚಿತೆಂಗೆ ಬಟ್ಟೆಯ ತುದಿಯಲ್ಲಿ ಒರೆಸಿದರು. "ನಿನ್ನ ಉಪಾಯ ಬೇಡ. ಹತ್ತು ದಿನ ಕಾಯೋಕೆ ದನಗಳ ಹತ್ರ ಹುಲ್ಲಿಲ್ಲ. ಇನ್ನೊಂದು, ಹೀಗೆ ಒಂದ್ಸಲ ನೀರನ್ನ ನಾವೇ ಇಳಿಸಿದ್ವಿ ಅಂದ್ರೆ, ಮುಂದಿನ ವರ್ಷ ನಿಜವಾಗ್ಲೂ ನೀರು ಏರಿದಾಗ ನಾನು ದಿಬ್ಬಕ್ಕೆ ಏಳಿ ಅಂದ್ರೆ ಯಾರು ಏಳ್ತಾರೆ?"

"ಹಾಗಾದ್ರೆ ನೀವು ರೇಡಿಯೊದಲ್ಲಿ..."

"ನಾನಾ? ನಾಮಕರಣ ಮಾಡಿದೋರು ಹೇಳ್ಬೇಕು."

ಫೈಲನ್ನು ಆ ಫೋಲ್ಡರಿನಿಂದ ಹೊರತೆಗೆದು ಬೇರೆ ಫೋಲ್ಡರಿನಲ್ಲಿ ಇಟ್ಟೆ. ಕಮಾಂಡ್ ತಿದ್ದಿದೆ. ಓಡಿಸಿದೆ. ಎಲ್ಲಕ್ಕಿಂತ ಎತ್ತರದ ನೀರು ಗೆರೆಗಿಂತ ಕೆಳಗಿತ್ತು. ಹಾಗಿದ್ದು ಎಷ್ಟು ದಿನವಾಗಿತ್ತೋ. ಅಷ್ಟರಲ್ಲಿ ಇವತ್ತಿನ ರೇಡಿಯೊ ಹೊತ್ತು ಮೀರಿತ್ತು.

ಮೇ ೨೬

ಬೆಳಗಿನಿಂದ ಒಂದು ಭಾಷಣ ಬರೆದೆ. 'ಬಯಲಿನ ಮಹಾಜನಗಳೇ, ಈ ಅಧಮಾಧಮನ' ಎಂದು ಶುರುವಾಗುತ್ತಿತ್ತು. ಬಹಳ ಚೆನ್ನಾಗಿ ಬಂದಿತ್ತು. ಸಂಜೆ ಮೈಕಿನ ಮುಂದೆ ಕುಳಿತಾಗ ಅದರ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ.

"ನಾನು ಮುಂಡಿಯಾ. ನೀರಿನ ಕಚೇರೀಲಿ ಕೆಲಸ ಕಲಿಯೋಕೆ ಬಂದೋನು. ಬೋ ಸಿಲುಮೆಸಿ ಅನ್ನೋರು ಯಾರೂ ಇಲ್ಲ. ಅದು ಒಂದು ಫೈಲು. ತಮಾಷೆಗೆ ನಾನೇ ಹೆಸರಿಟ್ಟೆ. ಅದರ ನೀರು ನಿಜವಾದ ನೀರಲ್ಲ. ಎಲ್ಲರ ನೀರೂ ಗೆರೆಗಿಂತ ಕೆಳಗಿದೆ. ದನ ಇಳಿಸಬಹುದು. ನಿಮ್ಮನ್ನ ಕಾಯಿಸಿದ್ದಕ್ಕೆ ತಪ್ಪಾಯ್ತು."

ಇಷ್ಟೇ. ಬೋ ಲುತಂಗು ನನ್ನ ಕಡೆ ನೋಡಿದರು, ನಾನು ಮೇಜಿನ ಕಡೆ ನೋಡಿದೆ. ಆಮೇಲೆ ಫೋನು ಬಡಿದುಕೊಂಡಿತು.

ಮೊದಲನೆಯದು ಒಬ್ಬ ಮುದುಕರದ್ದು. "ಫೈಲು ಅಂದ್ರೆ ಏನೋ ನನಗೆ ಗೊತ್ತಿಲ್ಲ. ಅದು ಮೀನು ತಿನ್ನುತ್ತಾ?"

"ಇಲ್ಲ, ತಾತ."

"ಹಾಗಾದ್ರೆ ನಾನು ಕಳಿಸಿದ ಒಣಮೀನು ಎಲ್ಲಿ?"

ಬೋ ಲುತಂಗು ಸರಕ್ಕನೆ ಮೈಕಿಗೆ ಕೈ ಅಡ್ಡ ಹಿಡಿದರು. ಎಂದೂ ಹಾಡದವರು ಆಮೇಲೆ ತಾವೇ ಒಂದು ಹಾಡು ಹಾಡಿಬಿಟ್ಟರು.

ಹಾಡು ಮುಗಿದ ಮೇಲೆ ಇನ್ನೊಂದು ಕರೆ. ದನಿ ಕೇಳಿದ ಕೂಡಲೇ ಗೊತ್ತಾಯಿತು. ಬೋ ನಮಾಕಾವು.

"ನೀನೇನಾ ಅವತ್ತು ಬುರುಡೆ ಇಸ್ಕೊಂಡೋನು?"

"ಹೌದಮ್ಮಾ."

"ಮಬಿಸಿ ಯಾರು ಕುಡಿದ್ರು?"

ರೇಡಿಯೊದಲ್ಲಿ. ಇಡೀ ಬಯಲು ಕೇಳುತ್ತಿದೆ. "ನಾನೇ ಅಮ್ಮಾ."

"ತುಂಬ ಹುಳಿಯಾಗಿತ್ತಾ?"

"ಇಲ್ಲ. ಚೆನ್ನಾಗಿತ್ತು."

"ಸರಿ. ಕುಡಿದ ಮೇಲೆ ಮೈಗೆ ಬಲ ಬಂದಿರುತ್ತಲ್ಲ. ನಾಳೆ ಹೊತ್ತು ಹುಟ್ಟೋಕೆ ಮುಂಚೆ ಬಾ. ನಡೆಯೋಕಾಗದ ಕರು ಒಂದಿದೆ. ನೀನು ಹೊರ್ತೀಯ."

ಮೇ ೨೭

ಕರು ಭಾರ.

ಪ್ರಭುಗಳೇ, ಬಹಳ ಭಾರ. ಮೊಣಕಾಲ ಮಟ್ಟದ ನೀರು, ಕೆಳಗೆ ಕೆಸರು, ಹೆಗಲ ಮೇಲೆ ಕರು, ಕರು ನನ್ನ ಕಿವಿ ನೆಕ್ಕುತ್ತದೆ. ಹಿಂದೆ ಮುಂದೆ ದನಗಳು, ದೋಣಿಗಳು, ಸಾಮಾನು, ನಾಯಿಗಳು. ಪ್ರತಿಯೊಂದು ದೋಣಿಯೂ ನನ್ನನ್ನು ದಾಟುವಾಗ ಅದರಲ್ಲಿದ್ದವರು ಚಪ್ಪಾಳೆ ತಟ್ಟಿ, "ಬೋ ಸಿಲುಮೆಸಿ ಅವರಿಗೆ ನಮಸ್ಕಾರ! ನಿಮ್ಮ ಮೈ ಹೇಗಿದೆ?" ಎಂದು ಕೇಳಿದರು. ಒಬ್ಬರೂ ಬಿಡಲಿಲ್ಲ. ಮಕ್ಕಳಂತೂ ಈಜಿಕೊಂಡು ಬಂದು ಕೇಳಿದವು.

ಹುಲ್ಲಿನ ಮೇಲೆ ಇಳಿಸಿದಾಗ ಕರು ಬಿತ್ತು. ಎದ್ದಿತು. ಮತ್ತೆ ಬಿತ್ತು. ಬೋ ನಮಾಕಾವು ನನ್ನ ಕಡೆ ನೋಡದೆ, "ಮುಟ್ಟಬೇಡ, ತಾನೇ ಏಳ್ಬೇಕು" ಎಂದರು. ಎದ್ದು ಎರಡು ಹೆಜ್ಜೆ ಹಾಕಿ, ಹುಲ್ಲಿಗೆ ಬಾಯಿ ಹಾಕಿತು.

ಬೋ ನಮಾಕಾವು ಸುಮಾರು ಹೊತ್ತು ಬೇರೆ ಕಡೆ ತಿರುಗಿ ನಿಂತಿದ್ದರು. ನನಗೂ ಕಣ್ಣಿಗೆ ಏನೋ ಬಿದ್ದಿತ್ತು. ಬಯಲಲ್ಲಿ ಹುಳುಗಳು ಜಾಸ್ತಿ.

ಜೂನ್ ೭

ಈ ಗಡೀಪಾರು ಶಿಕ್ಷೆ ದಿನೇದಿನೇ ಘೋರವಾಗುತ್ತಿದೆ. ಈಗ ಬೋ ನಸಿಲೆಲೆ ಅವರ ಅಪ್ಪಣೆ: ಫೋಲ್ಡರಿನಲ್ಲಿರುವ ಪ್ರತಿ ಹೆಸರಿನ ಹಿಂದೆ ಒಬ್ಬರು ಮನುಷ್ಯರು ಇದ್ದಾರೋ ಇಲ್ಲವೋ ನಾನೇ ಹೋಗಿ ನೋಡಿ ಬರಬೇಕು. ದೋಣಿ ಹತ್ತಿ ಹಲಗೆಯಿಂದ ಹಲಗೆಗೆ ಹೋಗುತ್ತೇನೆ. ಹಲಗೆಯ ಪಾಚಿ ಉಜ್ಜುತ್ತೇನೆ. ಮಂಡಿಯೂರಿ, ಚಪ್ಪಾಳೆ ತಟ್ಟಿ, "ತಾವು ಇದ್ದೀರಾ?" ಎಂದು ಕೇಳುತ್ತೇನೆ. "ಇದ್ದೀನಿ ಅನ್ಸುತ್ತೆ" ಎನ್ನುತ್ತಾರೆ. ಊಟ ಹಾಕದೆ ಬಿಡುವುದಿಲ್ಲ. ಇಂದು ಮೂರು ಮನೆಯಲ್ಲಿ ಉಂಡೆ, ದೋಣಿ ಸ್ವಲ್ಪ ವಾಲಿತು.

ಉತ್ತರದ ಹಲಗೆಯ ಹಿರಿಯರಿಗೆ ಕಣ್ಣು ಮಂಜು. ಮೊಮ್ಮಗಳು ಗೆರೆ ಓದಿ ಹೇಳುತ್ತಾಳೆ, ಇವರು ಕಳಿಸುತ್ತಾರೆ. ಅವಳ ಹೆಸರೂ ಫೈಲಿನಲ್ಲಿ ಬರಬೇಕೆಂದು ಬೋ ನಸಿಲೆಲೆ ಅವರೊಡನೆ ಜಗಳವಾಡಿದೆ. ಗೆದ್ದೆ. ನಾಳೆಯಿಂದ ರೇಡಿಯೊ ಅವಳಿಗೂ ನಮಸ್ಕಾರ ಹೇಳುತ್ತದೆ.

ಜೂನ್ ೨೧

ಇಲ್ಲಿ ಜೂನ್ ಎಂದರೆ ಚಳಿ. ಬೋ ನಸಿಲೆಲೆ ಈಗ ಕಪ್ಪು ಪರದೆಯ ಮುಂದೆ ಕುಳಿತು ತಾವೇ ಕೊಕ್ಕು ಹಾಕುತ್ತಾರೆ, ಎರಡು. ಆಮೇಲೆ ಫೈಲು ತೆರೆದು ಗಟ್ಟಿಯಾಗಿ ಓದುತ್ತಾರೆ; ಫೋನಿಗೆ ಬಂದ ಸಂಖ್ಯೆಗಳನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಎರಡೂ ಹೊಂದಿದರೆ ಚಹಾ. ಇಂದು ಒಂದು ಕಡೆ ಹೊಂದಲಿಲ್ಲ. ನನ್ನದೇ ತಪ್ಪು, ಎರಡು ಸಾಲು ಹಾರಿಸಿದ್ದೆ. ಮತ್ತೆ ಮೊದಲಿನಿಂದ ಓದಿದೆವು. ಚಹಾ ಆರಿತ್ತು. ಕುಡಿದೆವು.

ಜುಲೈ ೧೨

ಬೋ ನಮಾಕಾವು ಮಬಿಸಿ ಕಳಿಸಿದ್ದರು, ಈ ಸಲ ನನ್ನ ಹೆಸರಿಗೆ. ಕರು ಈಗ ನನ್ನನ್ನು ಕಂಡರೆ ಓಡಿ ಬಂದು ಗುದ್ದುತ್ತದೆ. ಕೆಳಗಿನ ಹೊಲಗಳಲ್ಲಿ ಬಿತ್ತನೆ ಶುರುವಾಗಿದೆ. ನೀರು ನದಿಯ ಪಾತ್ರದೊಳಕ್ಕೆ ಹೋಗಿ ಮಲಗಿದೆ. ಬಯಲಿನಲ್ಲಿ ಗಾಡಿಗಳೇ ಓಡಾಡುತ್ತಿವೆ.

ದಿನಚರಿ ಪ್ರಭುಗಳೇ, ತಮ್ಮ ಹಾಳೆಗಳು ಮುಗಿಯುತ್ತ ಬಂದವು. ಆದ್ದರಿಂದ ಚಿಕ್ಕದೊಂದು ಬಿನ್ನಹ, ಯಾರಿಗೂ ಹೇಳಬೇಡಿ. ನನ್ನ ತರಬೇತಿ ಹೋದ ತಿಂಗಳ ಕೊನೆಗೇ ಮುಗಿಯಿತು. ಬೋ ನಸಿಲೆಲೆ ಪತ್ರಕ್ಕೆ ಸಹಿ ಹಾಕಿ ಕೊಟ್ಟಿದ್ದಾರೆ, ಚೀಲದಲ್ಲಿದೆ. ಮಾರನೆಯ ದಿನವೂ ನಾನು ಕಚೇರಿಗೆ ಹೋದೆ. ಅವರು ಎಂದಿನಂತೆ ಎರಡು ಲೋಟ ಇಟ್ಟರು.

ಮೊನ್ನೆ ಅಪ್ಪ ಫೋನು ಮಾಡಿ, "ಯಾಕೋ ಇನ್ನೂ ಬಂದಿಲ್ಲ?" ಎಂದರು.

"ಏನು ಮಾಡ್ಲಿ ಅಪ್ಪಾ, ಇಲ್ಲಿ ನೀರು ಇನ್ನೂ ಇಳಿದಿಲ್ಲ."

"ಜುಲೈನಲ್ಲಾ? ಯಾರು ಹೇಳಿದ್ದು?"

"ಇಲ್ಲಿ ಒಬ್ಬರು ಹಿರಿಯರಿದ್ದಾರೆ" ಎಂದೆ.